ಒಬ್ಬ ದೋಸೆ ಭಟ್ಟರನ್ನು ಸಿಂಗಪುರಕ್ಕೆ ಕರೆತರಲು ಆರು ತಿಂಗಳು

ಕಳೆದ ವಾರ ನಮ್ಮ ಭಟ್ಟರ ಕೈಗೆ ವರ್ಕ್ ಪರ್ಮಿಟ್ ಕಾರ್ಡ್ ಬಂತು. 2025ರ ಮಾರ್ಚ್‌ನಲ್ಲಿ ಶುರುವಾದ ಓಡಾಟ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಈ ಆರು ತಿಂಗಳಲ್ಲಿ ನಾನು ಮಾಡಿದ ತಪ್ಪುಗಳನ್ನು ಇನ್ನೊಬ್ಬರು ಮಾಡಬಾರದು. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು, ನನ್ನ ಗಂಡ ಸೇರಿ ಲಿಟಲ್ ಇಂಡಿಯಾದಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ನಡೆಸುತ್ತೇವೆ. ಅಡುಗೆಮನೆ ಅವರದು, ಲೆಕ್ಕಪತ್ರ ನನ್ನದು. ಹಲವು ವರ್ಷ ನಮ್ಮಲ್ಲಿ ದೋಸೆ ಹಾಕುತ್ತಿದ್ದವರು ಫೆಬ್ರವರಿಯಲ್ಲಿ ತಮ್ಮ ಊರು ತಂಜಾವೂರಿಗೆ ಹೋಗಿಬಿಟ್ಟರು. ವಯಸ್ಸಾಗಿತ್ತು, ಮೊಮ್ಮಕ್ಕಳ ಜೊತೆ ಇರಬೇಕು ಅಂದರು. ಅವರಿಲ್ಲದ ಮೊದಲ ಭಾನುವಾರವೇ ಎರಡು ಟೇಬಲ್‌ನವರು ದೋಸೆ ಅರ್ಧಕ್ಕೆ ಬಿಟ್ಟು ಎದ್ದರು. ಇಲ್ಲೇ ಯಾರಾದರೂ ಸಿಗುತ್ತಾರಾ ಅಂತ ಮೂರು ವಾರ ಹುಡುಕಿದೆವು. ಸಿಗಲಿಲ್ಲ.

ಆಗ ನೆನಪಾದವರು ಬೈಂದೂರು ಕಡೆಯ ಈ ಭಟ್ಟರು. 41 ವರ್ಷ, ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಹದಿನೈದು ವರ್ಷ ಕಾವಲಿ ಮುಂದೆ ನಿಂತವರು. ನನ್ನ ಗಂಡ ಊರಿಗೆ ಹೋದಾಗಲೆಲ್ಲ ಅವರ ದೋಸೆ ತಿನ್ನದೆ ಬಂದವರಲ್ಲ. ಫೋನ್ ಮಾಡಿದೆ. "ಬರ್ತೇನೆ ಅಕ್ಕ, ಆದ್ರೆ ನಿಜವಾಗಿ ಆಗ್ತದಾ?" ಅಂತ ಕೇಳಿದರು. "ಆಗೇ ಆಗುತ್ತದೆ, ಒಂದು ತಿಂಗಳಲ್ಲಿ ಬರ್ತೀರಿ" ಅಂದೆ.

ನನ್ನ ಮೊದಲ ತಪ್ಪು ಅದೇ. ಆ ಮಾತು ನಂಬಿ ಅವರು ಮಾರ್ಚ್ ಕೊನೆಗೆ ಕೆಲಸ ಬಿಟ್ಟರು. ಬಿಟ್ಟಿದ್ದು ನನಗೆ ಗೊತ್ತಾಗಿದ್ದು ಹತ್ತು ದಿನ ಆದ ಮೇಲೆ. ಇಲ್ಲಿ ನೋಡಿದರೆ ನಾನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ.

ಯಾವ ಪರವಾನಗಿ ಅನ್ನುವುದು ಮೊದಲ ಪ್ರಶ್ನೆ. ಸಿಂಗಪುರದಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ದೊಡ್ಡ ಸಂಬಳದವರಿಗೆ ಎಂಪ್ಲಾಯ್‌ಮೆಂಟ್ ಪಾಸ್, ಮಧ್ಯದವರಿಗೆ ಎಸ್ ಪಾಸ್, ಉಳಿದವರಿಗೆ ವರ್ಕ್ ಪರ್ಮಿಟ್. ಹಳಬರು ಎಸ್ ಪಾಸ್‌ನಲ್ಲಿದ್ದರು. ಹೊಸಬರಿಗೂ ಅದೇ ಮಾಡೋಣ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ಕೈ ಬಿಟ್ಟೆ. ನಾವು ಶುರು ಮಾಡಿದಾಗ ಎಸ್ ಪಾಸ್‌ಗೆ ಕನಿಷ್ಠ ಸಂಬಳ ತಿಂಗಳಿಗೆ 3,150 ಡಾಲರ್ ಇತ್ತು, 2025ರ ಸೆಪ್ಟೆಂಬರ್ 1ರಿಂದ 3,300 ಆಯಿತು. ಅದೂ ಚಿಕ್ಕ ವಯಸ್ಸಿನವರಿಗೆ. ವಯಸ್ಸು ಏರಿದಂತೆ ಆ ಮೊತ್ತವೂ ಏರುತ್ತದೆ, 45 ದಾಟಿದವರಿಗೆ 4,650ರವರೆಗೆ ಹೋಗುತ್ತಿತ್ತು. (ಇಲ್ಲಿ ಡಾಲರ್ ಅಂದಿದ್ದೆಲ್ಲ ಸಿಂಗಪುರ ಡಾಲರ್.) ನಮ್ಮಂಥ ಹೋಟೆಲ್‌ಗೆ ಅಷ್ಟು ಆಗದು.

ವರ್ಕ್ ಪರ್ಮಿಟ್ ವಿಷಯ ಬೇರೆ. ಮೊದಲು ಹೋಟೆಲ್ ಕೆಲಸಕ್ಕೆ ಭಾರತದಿಂದ ವರ್ಕ್ ಪರ್ಮಿಟ್ ಮೇಲೆ ಕರೆಸುವ ಹಾಗೇ ಇರಲಿಲ್ಲ. ಮಲೇಷ್ಯಾ, ಚೀನಾ, ಇನ್ನು ಕೆಲವು ಜಾಗದವರಿಗಷ್ಟೇ ಅವಕಾಶ. 2023ರ ಸೆಪ್ಟೆಂಬರ್ 1ರಿಂದ ಭಾರತೀಯ ಹೋಟೆಲ್‌ಗಳು ಅಡುಗೆಯವರನ್ನು ಭಾರತದಿಂದಲೂ ತರಬಹುದು ಅಂತ ಆಯಿತು. ಷರತ್ತು ಎರಡು. ತಿಂಗಳ ಖಾಯಂ ಸಂಬಳ 2,000 ಡಾಲರ್‌ಗೆ ಕಡಿಮೆ ಇರಬಾರದು. ಹೀಗೆ ತಂದವರು ಒಟ್ಟು ಕೆಲಸಗಾರರಲ್ಲಿ ಶೇ. 8 ಮೀರಬಾರದು. ಅಂದರೆ ಹೆಚ್ಚುಕಡಿಮೆ 13 ಜನ ಇದ್ದರೆ ಒಬ್ಬರು. 2025ರ ಸೆಪ್ಟೆಂಬರ್ 1ರಿಂದ ಭಾರತೀಯ ಹೋಟೆಲ್ ಮಾತ್ರವಲ್ಲ, ಬೇರೆ ಹೋಟೆಲ್‌ಗಳಿಗೂ ಅಡುಗೆಯವರ ವಿಷಯದಲ್ಲಿ ಇದೇ ಅವಕಾಶ ಸಿಕ್ಕಿದೆ.

ಸರಿ, ನಮ್ಮಲ್ಲಿ ಹದಿನೈದು ಜನ ಇದ್ದಾರೆ, ಆಯಿತಲ್ಲ ಅಂದುಕೊಂಡೆ. ಶೇ. 8ರ ಕಡೆ ನೋಡುತ್ತಾ ಶೇ. 35ನ್ನು ಮರೆತಿದ್ದೆ.

ಸೇವಾ ವಲಯದಲ್ಲಿ, ಅಂದರೆ ಹೋಟೆಲ್, ಅಂಗಡಿಗಳಲ್ಲಿ, ಎಸ್ ಪಾಸ್ ಮತ್ತು ವರ್ಕ್ ಪರ್ಮಿಟ್‌ನವರು ಒಟ್ಟಾರೆ ಶೇ. 35 ದಾಟುವಂತಿಲ್ಲ. ನಮ್ಮಲ್ಲಿ ಮಲೇಷ್ಯಾದವರು ನಾಲ್ವರು ಆಗಲೇ ಇದ್ದರು. ಭಟ್ಟರು ಬಂದರೆ ಐವರು. ಸ್ಥಳೀಯರು ಪೂರ್ತಿ ಕೆಲಸದವರು ಒಂಬತ್ತು ಜನ, ಸಂಜೆ ಹೊತ್ತು ಮಾತ್ರ ಬರುವ ಆಂಟಿಯರು ಇಬ್ಬರು. ಅರೆಕಾಲಿಕರು ತಲಾ ಅರ್ಧ, ಇಬ್ಬರೂ ಸೇರಿ ಒಂದು. ಹತ್ತು ಸ್ಥಳೀಯರು, ಐದು ಹೊರಗಿನವರು, ಒಟ್ಟು ಹದಿನೈದು. ಐದು ಭಾಗ ಹದಿನೈದು ಅಂದರೆ ಶೇ. 33. ಹೀಗೆ ನನ್ನ ನೋಟ್‌ಬುಕ್‌ನಲ್ಲಿ ಚಂದವಾಗಿ ಬರೆದಿದ್ದೆ.

ಮಿನಿಸ್ಟ್ರಿ ಆಫ್ ಮ್ಯಾನ್‌ಪವರ್, ಇಲ್ಲಿ ಎಲ್ಲರೂ ಎಂಒಎಂ ಅನ್ನುತ್ತಾರೆ, ಅದರ ಲೆಕ್ಕ ಬೇರೆಯೇ ಬಂತು. ಸ್ಥಳೀಯ ಕೆಲಸಗಾರರನ್ನು ತಲೆ ಎಣಿಸಿ ಲೆಕ್ಕ ಹಾಕುವುದಿಲ್ಲ, ಸಂಬಳ ನೋಡಿ ಹಾಕುತ್ತಾರೆ. 2025ರಲ್ಲಿ ಲೆಕ್ಕ ಹೀಗಿತ್ತು: ತಿಂಗಳಿಗೆ 1,600 ಡಾಲರ್ ಮತ್ತು ಮೇಲಿದ್ದರೆ ಒಬ್ಬರು. 800ರಿಂದ 1,600ರ ಒಳಗಿದ್ದರೆ ಅರ್ಧ. 800ಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ನಮ್ಮ ಆಂಟಿಯರಿಬ್ಬರಿಗೂ ತಿಂಗಳಿಗೆ 700ರ ಆಸುಪಾಸು ಬರುತ್ತಿತ್ತು. ಅಂದರೆ ಇಷ್ಟು ದಿನ ನಾನು ಎಣಿಸುತ್ತಿದ್ದ ಆ ಒಂದು, ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಒಂಬತ್ತು ಸ್ಥಳೀಯರು, ಐದು ಹೊರಗಿನವರು. ಶೇ. 35.7. ಮುಕ್ಕಾಲು ಪರ್ಸೆಂಟ್‌ಗೆ ಬಾಗಿಲು ಮುಚ್ಚಿತು.

ಆ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಕ್ಯಾಷ್ ಕೌಂಟರ್‌ನಲ್ಲೇ ಕೂತಿದ್ದೆ. ಮುಂದಿನ ದಿನ ಇಬ್ಬರು ಆಂಟಿಯರನ್ನೂ ಕೂರಿಸಿ, ವಾರಕ್ಕೆ ಇನ್ನೊಂದೆರಡು ಶಿಫ್ಟ್ ಬರುತ್ತೀರಾ ಅಂತ ಕೇಳಿದೆ. ಅದೃಷ್ಟಕ್ಕೆ ಇಬ್ಬರೂ ಒಪ್ಪಿದರು. ಒಬ್ಬರಿಗಂತೂ ಮಗಳ ಫೀಸ್‌ಗೆ ಹಣ ಬೇಕಿತ್ತು, ಖುಷಿಯೇ ಆಯಿತು. ಸಂಬಳ 850 ದಾಟಿತು. ಆದರೆ ಈ ಶೇ. 35ರ ಕೋಟಾ ಲೆಕ್ಕ ಈ ತಿಂಗಳ ಸಂಬಳಕ್ಕೆ ಈ ತಿಂಗಳೇ ಬದಲಾಗುವುದಿಲ್ಲ. ಸ್ಥಳೀಯರಿಗೆ ಕಟ್ಟುವ ಸಿಪಿಎಫ್, ನಮ್ಮೂರ ಪಿಎಫ್ ಇದ್ದ ಹಾಗೆ, ಅದರ ಮೂರು ತಿಂಗಳ ಸರಾಸರಿ ನೋಡುತ್ತಾರೆ. ಹಾಗಾಗಿ ಕಾಯಬೇಕು. ಕಾದೆವು.

ಇದನ್ನು ಓದುತ್ತಿರುವವರಿಗೆ ಒಂದು ಮಾತು. ಊರಿನಲ್ಲಿ ಯಾರಿಗೂ ಫೋನ್ ಮಾಡುವ ಮೊದಲು ಎಂಒಎಂ ವೆಬ್‌ಸೈಟ್‌ನ ಕೋಟಾ ಕ್ಯಾಲ್ಕುಲೇಟರ್ ತೆರೆದು ನಿಮ್ಮ ಅಂಕಿ ಹಾಕಿ ನೋಡಿ. ಸಿಪಿಎಫ್ ಕಟ್ಟಿದ ರಸೀದಿ ಎದುರಿಗಿಟ್ಟುಕೊಂಡು ಹಾಕಿ, ನೆನಪಿನಿಂದ ಹಾಕಬೇಡಿ. ಇನ್ನೊಂದು ವಿಷಯ: ಬರೀ ಲೆಕ್ಕ ತುಂಬಿಸಲು ಕೆಲಸಕ್ಕೇ ಬಾರದ ಸಂಬಂಧಿಕರ ಹೆಸರಿಗೆ ಸಿಪಿಎಫ್ ಕಟ್ಟಿ ಅಂತ ನನಗೂ ಸಲಹೆ ಕೊಟ್ಟವರಿದ್ದರು. ಅದು ಅಪರಾಧ. ಅದರ ಹತ್ತಿರವೂ ಹೋಗಬೇಡಿ.

ಈ ನಡುವೆ ಅತ್ತ ಭಟ್ಟರ ಪಾಸ್‌ಪೋರ್ಟ್ ಫೋಟೊ ವಾಟ್ಸಾಪ್‌ನಲ್ಲಿ ತರಿಸಿದೆ. ಅವಧಿ ಮುಗಿಯಲು ಹದಿನಾಲ್ಕು ತಿಂಗಳು ಮಾತ್ರ ಉಳಿದಿತ್ತು. ವರ್ಕ್ ಪರ್ಮಿಟ್ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕೊಡುತ್ತಾರೆ, ಆದರೆ ಪಾಸ್‌ಪೋರ್ಟ್ ಅವಧಿ ಕಡಿಮೆ ಇದ್ದರೆ ಪರ್ಮಿಟ್ ಕೂಡ ಅಷ್ಟಕ್ಕೇ ಮೊಟಕಾಗುತ್ತದೆ. ಹೇಗೂ ಕಾಯುತ್ತಿದ್ದೇವಲ್ಲ, ಹೊಸದು ಮಾಡಿಸಿಬಿಡಿ ಅಂದೆ. ಜೊತೆಗೆ ಅವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಡೆ ಖಾಲಿ ಇತ್ತು. ಹೆಸರು, ತಂದೆ ಹೆಸರು ಎರಡೂ ಒಂದೇ ಸಾಲಿನಲ್ಲಿ. ನಮ್ಮ ಕಡೆ ಎಷ್ಟೋ ಜನರದು ಹೀಗೇ ಇರುತ್ತದೆ, ಅಲ್ವಾ? ಹೊಸದರಲ್ಲಿ ಎರಡನ್ನೂ ಬೇರೆ ಬೇರೆ ಮಾಡಿಸಿಕೊಂಡರು. ಅರ್ಜಿ, ವಿಮೆ, ಟಿಕೆಟ್ ಎಲ್ಲದರಲ್ಲೂ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಕೂರಬೇಕು. ಆಮೇಲೆ ತಿದ್ದುವುದಕ್ಕಿಂತ ಮೊದಲೇ ಸರಿಮಾಡಿಕೊಳ್ಳುವುದು ಎಷ್ಟೋ ವಾಸಿ.

36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ಹೆಚ್ಚು. ಆತುರ ಇಲ್ಲವಲ್ಲ ಅಂತ ಸಾಮಾನ್ಯದಲ್ಲೇ ಹಾಕಿದರು. ಜೂನ್ ಮಳೆಯಲ್ಲಿ ಬೈಂದೂರಿನಿಂದ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಬೆಳಗಿನ ಬಸ್ಸಿಗೆ ಹೋಗಿ ಬಂದರು. ಅಲ್ಲಿ ಕೆಲಸ ಎರಡು ಗಂಟೆಯಲ್ಲಿ ಮುಗಿಯಿತಂತೆ. ನಿಂತಿದ್ದು ಪೊಲೀಸ್ ವೆರಿಫಿಕೇಶನ್‌ನಲ್ಲಿ. ಮನೆಗೆ ಬಂದಾಗ ಇವರು ಇರಲಿಲ್ಲ. ಒಂದು ಮದುವೆ ಅಡುಗೆಗೆ ಅಂತ ಎರಡು ದಿನ ಹೊರಗೆ ಹೋಗಿದ್ದರು. ಹೆಂಡತಿ ಹೇಳಿದರೂ "ಅರ್ಜಿದಾರ ಸಿಗಲಿಲ್ಲ" ಅಂತ ಬರೆದುಕೊಂಡು ಹೋದರು. ಅದನ್ನು ಮತ್ತೆ ತೆರೆಸಲು ಮೂರು ವಾರ. ಪಾಸ್‌ಪೋರ್ಟ್ ಅರ್ಜಿ ಹಾಕಿದವರು ಆ ವೆರಿಫಿಕೇಶನ್ ಆಗುವ ತನಕ ಮನೆ ಬಿಟ್ಟು ಎಲ್ಲೂ ಹೋಗಬೇಡಿ. ಹೋಗಲೇಬೇಕಾದರೆ ಠಾಣೆಗೆ ಮೊದಲೇ ಹೋಗಿ ಫೋನ್ ನಂಬರ್ ಕೊಟ್ಟು ಬನ್ನಿ.

ಅವರು ಹೊರಗೆ ಹೋಗಿದ್ದಕ್ಕೆ ನಾನೇ ಕಾರಣ. ಸಂಬಳ ಇಲ್ಲ, ಮದುವೆ ಅಡುಗೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜೂನ್ ಕೊನೆಗೆ ಆಷಾಢ ಶುರುವಾಯಿತು, ಮದುವೆಗಳೂ ನಿಂತವು. ಒಂದು ಸಂಜೆ ಫೋನ್ ಮಾಡಿದಾಗ ಹಿಂದೆ ಮಳೆ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಕ್ಕ, ಇಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ಒಂದೂವರೆ ಲಕ್ಷ ಕೊಟ್ರೆ ಹದಿನೈದು ದಿನದಲ್ಲಿ ನಿಮ್ಮಲ್ಲಿಗೇ ಕಳಿಸ್ತಾನಂತೆ. ಹೆಂಡತಿ ಬಳೆ ಇಡುವ ಅಂತಿದ್ದಾಳೆ" ಅಂದರು.

ನನಗೆ ಎದೆ ಧಸಕ್ಕೆಂದಿತು. ನಾನು ಅರ್ಜಿ ಹಾಕದೆ ಅವನು ಹೇಗೆ ಕಳಿಸುತ್ತಾನೆ? ವರ್ಕ್ ಪರ್ಮಿಟ್ ಅರ್ಜಿ ಹಾಕಬೇಕಾದ್ದು ಇಲ್ಲಿನ ಮಾಲೀಕರು, ಅಥವಾ ಅವರು ನೇಮಿಸಿದ ಇಲ್ಲಿನ ಪರವಾನಗಿ ಇರುವ ಏಜೆನ್ಸಿ. ಬೇರೆ ಯಾರ ಕೈಯಲ್ಲೂ ಏನೂ ಇಲ್ಲ. ಅಷ್ಟೇ ಅಲ್ಲ, ಕೆಲಸ ಕೊಟ್ಟಿದ್ದಕ್ಕೆ ಅಂತ ಮಾಲೀಕರು ಕೆಲಸಗಾರರಿಂದ ಹಣ ತೆಗೆದುಕೊಂಡರೆ ಇಲ್ಲಿ ಜೈಲಿಗೆ ಹೋಗುವ ಅಪರಾಧ. ಭಾರತದಲ್ಲಿ ನೋಂದಾಯಿತ ಏಜೆಂಟ್ ಆದರೂ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ದಾಟುವಂತಿಲ್ಲ. ನೋಂದಾಯಿತರ ಪಟ್ಟಿ ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿದೆ. ಯಾರಾದರೂ ನಿಮಗೆ ಸಿಂಗಪುರದ ಪರ್ಮಿಟ್ ಪತ್ರ ತೋರಿಸಿದರೆ, ಅದು ನಿಜವಾ ಅಂತ ಎಂಒಎಂ ವೆಬ್‌ಸೈಟ್‌ನಲ್ಲಿ ನೀವೇ ನೋಡಬಹುದು. ಅದಕ್ಕೆ ದುಡ್ಡಿಲ್ಲ.

ಅವತ್ತೇ ನಾನು ಭಟ್ಟರಿಗೆ ಎಲ್ಲ ಬಿಡಿಸಿ ಹೇಳಿದೆ. ಕೋಟಾ ವಿಷಯ, ನನ್ನ ಲೆಕ್ಕ ತಪ್ಪಿದ್ದು, ಒಂದು ತಿಂಗಳು ಅಂದಿದ್ದು ನನ್ನ ತಪ್ಪು ಅನ್ನುವುದು, ಎಲ್ಲ. ಬಳೆ ಇಡಬೇಡಿ ಅಂದೆ. ಬಂದು ಸೇರುವವರೆಗೆ ಮನೆ ಖರ್ಚಿಗೆ ಹಣ ಕಳಿಸಿದೆವು. ಇದನ್ನು ಮುಂದೆ ಸಂಬಳದಲ್ಲಿ ಹಿಡಿಯುವುದಿಲ್ಲ ಅಂತಲೂ ಬರೆದು ಕೊಟ್ಟೆ. ನನ್ನ ಮಾತಿನಿಂದ ಅವರ ಒಲೆ ಆರಬಾರದಿತ್ತು.

ಪಾಸ್‌ಪೋರ್ಟ್ ಜುಲೈ ಎರಡನೇ ವಾರ ಬಂತು. ಕೋಟಾ ಅಷ್ಟರಲ್ಲಿ ಸರಿಯಾಗಿತ್ತು. ಅರ್ಜಿ ಹಾಕುವ ಕೆಲಸ ನಿಜಕ್ಕೂ ಸಲೀಸು. ಭಟ್ಟರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸ್ಕ್ಯಾನ್ ಕಳಿಸಿದರು, ನಾನು ಇಲ್ಲಿನ ಸರ್ಕಾರಿ ಡಿಜಿಟಲ್ ಐಡಿ ಸಿಂಗ್‌ಪಾಸ್‌ನಲ್ಲಿ ಲಾಗಿನ್ ಆಗಿ ತುಂಬಿದೆ, 35 ಡಾಲರ್ ಕಟ್ಟಿದೆ. ಎಂಟನೇ ದಿನ ತಾತ್ಕಾಲಿಕ ಒಪ್ಪಿಗೆ ಪತ್ರ ಬಂತು. ಇಲ್ಲಿ ಅದನ್ನು ಐಪಿಎ ಅನ್ನುತ್ತಾರೆ. ನಾಲ್ಕು ತಿಂಗಳು ಕಾದಿದ್ದು ಎಂಟು ದಿನದ ಕೆಲಸಕ್ಕೆ.

ಆ ಪತ್ರದಲ್ಲಿ ಸಂಬಳ, ಕಡಿತ, ಕೆಲಸ ಎಲ್ಲ ಇರುತ್ತದೆ. ಅದನ್ನು ಕೆಲಸಗಾರರು ಊರು ಬಿಡುವ ಮೊದಲೇ ಓದಿ ಅರ್ಥಮಾಡಿಕೊಳ್ಳಬೇಕು. ನಾನು ಫೋನಿನಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ, ಪಕ್ಕದಲ್ಲಿ ಅವರ ಹೆಂಡತಿ ಬರೆದುಕೊಂಡರು. ಖಾಯಂ ಸಂಬಳ 2,200. ವಾರಕ್ಕೆ ಒಂದು ರಜೆ. ಮಾಲೀಕರು ಸರ್ಕಾರಕ್ಕೆ ಕಟ್ಟುವ ಲೆವಿ ಹಣ ಅವರ ಸಂಬಳದಲ್ಲಿ ಹಿಡಿಯುವಂತಿಲ್ಲ. ಕುಟುಂಬವನ್ನು ಕರೆತಂದು ಇಟ್ಟುಕೊಳ್ಳಲು ಈ ಪರ್ಮಿಟ್‌ನಲ್ಲಿ ಅವಕಾಶ ಇಲ್ಲ. ಕೊನೆಯದನ್ನು ಹೇಳುವಾಗ ನನ್ನ ದನಿ ಸಣ್ಣದಾಯಿತು. ಆ ಕಡೆ ಪೆನ್ನಿನ ಸದ್ದು ನಿಂತಿತು. "ವರ್ಷಕ್ಕೊಮ್ಮೆ ಕಳಿಸ್ತೀರಲ್ಲ ಅಕ್ಕ?" ಅಂತ ಅವರ ಹೆಂಡತಿ ಕೇಳಿದರು. ಕಳಿಸುತ್ತೇನೆ ಅಂದೆ. ಟಿಕೆಟ್ ನಮ್ಮದೇ ಅಂತಲೂ ಅಂದೆ.

ಭಟ್ಟರು ಬರುವ ಮೊದಲು ನಾನು ಮಾಡಬೇಕಾದ್ದು ಇನ್ನೂ ಇತ್ತು. ಮಲೇಷ್ಯಾದವರನ್ನು ಬಿಟ್ಟು ಬೇರೆ ದೇಶದ ಪ್ರತಿ ವರ್ಕ್ ಪರ್ಮಿಟ್‌ನವರಿಗೂ 5,000 ಡಾಲರ್ ಸೆಕ್ಯುರಿಟಿ ಬಾಂಡ್, ಅಂದರೆ ಸರ್ಕಾರಕ್ಕೆ ಕೊಡುವ ಜಾಮೀನು, ಬೇಕು. ಅಷ್ಟು ನಗದು ಇಡಬೇಕಿಲ್ಲ, ವಿಮಾ ಕಂಪನಿಯಿಂದ ಮಾಡಿಸಿಕೊಳ್ಳಬಹುದು. ಆಸ್ಪತ್ರೆ ಖರ್ಚಿಗೆ ವರ್ಷಕ್ಕೆ ಕನಿಷ್ಠ 60,000 ಡಾಲರ್‌ನ ವಿಮೆ ಕಡ್ಡಾಯ. ಬಾಂಡ್, ವಿಮೆ ಎರಡೂ ಒಂದೇ ಕಡೆ ಮಾಡಿಸಿದರೆ ಸ್ವಲ್ಪ ಅಗ್ಗ. ನಮಗೆ ಇವೆರಡೂ ಸೇರಿ ಕೆಲವು ನೂರು ಡಾಲರ್ ಆಯಿತು.

ಮೊದಲ ಸಲದವರಿಗೆ ಗೊತ್ತಿರದ ದೊಡ್ಡ ಖರ್ಚು ಲೆವಿ. ಹೊರದೇಶದ ಕೆಲಸಗಾರರಿಗಾಗಿ ಮಾಲೀಕರು ಪ್ರತಿ ತಿಂಗಳು ಸರ್ಕಾರಕ್ಕೆ ಕಟ್ಟುವ ಹಣ ಅದು. ಹೊರಗಿನವರ ಪಾಲು ಹೆಚ್ಚಾದಂತೆ ದರ ಹೆಚ್ಚು. ನಮ್ಮಲ್ಲಿ ಶೇ. 25 ದಾಟಿದ್ದರಿಂದ ಭಟ್ಟರದು ಮೇಲಿನ ಹಂತಕ್ಕೆ ಬಿತ್ತು, ತಿಂಗಳಿಗೆ 800 ಡಾಲರ್. 2,200 ಸಂಬಳ ಅಂದರೆ ನಮಗೆ 3,000. ಇದನ್ನು ಮೊದಲೇ ಕೂಡಿಸಿಕೊಳ್ಳದಿದ್ದರೆ ಮೂರನೇ ತಿಂಗಳಿಗೆ ಕುತ್ತಿಗೆಗೆ ಬರುತ್ತದೆ.

ಇನ್ನು ಮನೆ. ಕೆಲಸಗಾರರು ಎಲ್ಲಿ ಇರುತ್ತಾರೆ ಅನ್ನುವ ವಿಳಾಸವನ್ನು ಮಾಲೀಕರೇ ಎಂಒಎಂಗೆ ಕೊಡಬೇಕು. ಮಲೇಷ್ಯಾದವರಲ್ಲದ ಕಟ್ಟಡ ಕೆಲಸದವರಿಗೆ ಸರ್ಕಾರಿ ವಸತಿ ಮಂಡಳಿ ಎಚ್‌ಡಿಬಿಯ ಫ್ಲ್ಯಾಟ್‌ಗಳಲ್ಲಿ ಅವಕಾಶ ಇಲ್ಲ, ಹೋಟೆಲ್‌ನವರಿಗೆ ಇದೆ. ಆದರೆ ಮನೆಯವರು ಎಚ್‌ಡಿಬಿಯ ಒಪ್ಪಿಗೆ ತೆಗೆದುಕೊಂಡಿರಬೇಕು, ಆರು ತಿಂಗಳಿಗೆ ಕಡಿಮೆ ಬಾಡಿಗೆಗೆ ಕೊಡುವಂತಿಲ್ಲ. ಐದು ಮನೆ ನೋಡಿದೆ. ಇಬ್ಬರು ಒಪ್ಪಿಗೆ ಇಲ್ಲದೆ ಸುಮ್ನೆ ಇಟ್ಟುಕೊಳ್ಳಿ ಅಂದರು, ಬೇಡ ಅಂದೆ. ಕೊನೆಗೆ ನಮ್ಮ ಆಂಟಿಯೊಬ್ಬರ ಪಕ್ಕದ ಮನೆಯಲ್ಲೇ ಕೋಣೆ ಸಿಕ್ಕಿತು.

ಆಗಸ್ಟ್ ಮಧ್ಯದಲ್ಲಿ ಭಟ್ಟರು ಬೆಂಗಳೂರಿನಿಂದ ಬಂದರು. ಅವರದು ಹತ್ತನೇ ಕ್ಲಾಸ್ ಆಗಿದೆ. ಆಗದಿದ್ದವರಿಗೆ ಕೆಲವು ದೇಶಗಳಿಗೆ ಹೋಗಲು ಭಾರತ ಸರ್ಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾಗುತ್ತದೆ, ಆ ದೇಶಗಳ ಪಟ್ಟಿಯಲ್ಲಿ ಸಿಂಗಪುರ ಇಲ್ಲ. ಬರುವುದಕ್ಕೆ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ಹಣ ಕೇಳುವ ವೆಬ್‌ಸೈಟ್ ಸಿಕ್ಕರೆ ಮುಚ್ಚಿಬಿಡಿ. ಚಾಂಗಿ ವಿಮಾನ ನಿಲ್ದಾಣದಲ್ಲಿ ಹೊರಬಂದವರ ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ತಮ್ಮದೇ ಸೌಟು, ಕಾವಲಿ ಕೆರೆಯುವ ಮೊಗಚುವ ಕೈ. ಹದಿನೈದು ವರ್ಷ ತಿಕ್ಕಿ ತಿಕ್ಕಿ ಸೌಟಿನ ತಳ ಸವೆದು ಚಪ್ಪಟೆಯಾಗಿತ್ತು.

ಬಂದ ಎರಡು ವಾರದೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು. ರಕ್ತ, ಎದೆಯ ಎಕ್ಸ್‌ರೇ. ಮರುದಿನವೇ ಕರೆದುಕೊಂಡು ಹೋದೆ, ಒಳ್ಳೆಯದೇ ಆಯಿತು. ಎಕ್ಸ್‌ರೇಯಲ್ಲಿ ಬಲಗಡೆ ಏನೋ ಕಲೆ ಇದೆ, ಮತ್ತೊಮ್ಮೆ ನೋಡಬೇಕು ಅಂದರು ಡಾಕ್ಟರ್. ಭಟ್ಟರ ಮುಖ ಬಿಳಿಚಿಕೊಂಡಿತು. ಚಿಕ್ಕವರಿದ್ದಾಗ ನ್ಯುಮೋನಿಯಾ ಆಗಿತ್ತಂತೆ, ಅದನ್ನು ಹೇಳಿದರು. ಇನ್ನೊಂದು ಎಕ್ಸ್‌ರೇ, ಕಫ ಪರೀಕ್ಷೆ, ಕಾಯುವುದು. "ವಾಪಸ್ ಕಳಿಸ್ತಾರಾ?" ಅಂತ ದಿನಕ್ಕೆ ನಾಲ್ಕು ಸಲ ಕೇಳಿದರು. ಹಳೆಯ ಕಲೆ, ಕಾಯಿಲೆ ಇಲ್ಲ ಅಂತ ಬಂದಾಗ ನಾನೇ ಕ್ಲಿನಿಕ್‌ನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಳೆಯ ಕಾಯಿಲೆ ಇದ್ದವರು ಊರಿನಲ್ಲೇ ಒಂದು ಎಕ್ಸ್‌ರೇ ತೆಗೆಸಿ ಜೊತೆಗೆ ತನ್ನಿ. ಇಲ್ಲಿ ಹೋಲಿಸಿ ನೋಡಲು ಅನುಕೂಲ.

ಪರ್ಮಿಟ್ ಹೊರಡುವ ತನಕ ಅವರು ಕೆಲಸ ಮುಟ್ಟುವಂತಿಲ್ಲ. ಹೋಟೆಲ್‌ನಲ್ಲಿ ಒಂದು ಸ್ಟೂಲ್ ಮೇಲೆ ಕೂತು ಕಾವಲಿ ಕಡೆ ನೋಡುತ್ತಿದ್ದರು. ಒಂದು ಮಧ್ಯಾಹ್ನ ಜನ ತುಂಬಿದ್ದಾಗ ತಡೆಯಲಾರದೆ ಎದ್ದು ಚಟ್ನಿಗೆ ಒಗ್ಗರಣೆ ಹಾಕಲು ಹೋದರು. ನಾನು ಓಡಿ ಹೋಗಿ ಕೈ ಹಿಡಿದೆ. "ಒಗ್ಗರಣೆ ಮಾತ್ರ ಅಕ್ಕ" ಅಂದರು. ಬೇಡ ಭಟ್ರೇ ಅಂದೆ. ಅವರಿಗೆ ಬೇಜಾರಾಯಿತು, ನನಗೂ ಆಯಿತು. ಆದರೆ ಆ ಒಂದು ಒಗ್ಗರಣೆಗೆ ಆರು ತಿಂಗಳು ನೀರಿಗೆ ಹೋಗಬಹುದಿತ್ತು.

ಆಹಾರ ಮುಟ್ಟುವವರೆಲ್ಲ ಆಹಾರ ಸುರಕ್ಷತೆಯ ಕೋರ್ಸ್ ಮಾಡಿರಬೇಕು. ಒಂದು ದಿನದ್ದು, ಕೊನೆಗೆ ಪರೀಕ್ಷೆ. ತಮಿಳಿನಲ್ಲೂ ಇರುತ್ತದೆ. ಬೆಂಗಳೂರಿನ ಹೋಟೆಲ್‌ನಲ್ಲಿ ಕಲಿತ ತಮಿಳು ಭಟ್ಟರನ್ನು ದಾಟಿಸಿತು. ನಂತರ ಇನ್ನೊಂದು 35 ಡಾಲರ್ ಕಟ್ಟಿ ಪರ್ಮಿಟ್ ಹೊರಡಿಸಿದೆ, ಬೆಂಡೆಮಿಯರ್ ರಸ್ತೆಯ ಎಂಒಎಂ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದೆವು. ಹಿಟ್ಟಿನ ಕೆಲಸ ಮಾಡಿ ಮಾಡಿ ಅವರ ಬೆರಳಿನ ಗೆರೆ ಸವೆದಿತ್ತು, ಯಂತ್ರ ಮೂರು ಸಲ ಹಿಡಿಯಲಿಲ್ಲ. ಅಲ್ಲಿನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಒರೆಸಿಕೊಳ್ಳಿ ಅಂದಳು. ನಾಲ್ಕನೇ ಸಲಕ್ಕೆ ಹಿಡಿಯಿತು.

ಪರ್ಮಿಟ್ ಹೊರಟ ಮರುದಿನ ಬೆಳಗ್ಗೆ ಐದಕ್ಕೇ ಬಂದರು. ಹಿಟ್ಟಿನ ಪಾತ್ರೆ ಮುಚ್ಚಳ ತೆಗೆದು ಮೂಸಿ, "ಇಲ್ಲಿ ಸೆಖೆಗೆ ಬೇಗ ಹುಳಿ ಬರ್ತದೆ, ರಾತ್ರಿ ತಡವಾಗಿ ರುಬ್ಬಬೇಕು" ಅಂದರು. ಕಾವಲಿಗೆ ನೀರು ಚಿಮುಕಿಸಿದರು. ಹನಿಗಳು ಕುಣಿದು ಆರಿದವು. ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಸವರಿ, ಆ ಸವೆದ ಸೌಟಿನಲ್ಲಿ ಹಿಟ್ಟು ಸುರಿದು ನಡುವಿನಿಂದ ಅಂಚಿಗೆ ತಿರುಗಿಸಿದರು. ಮೊದಲ ದೋಸೆಯನ್ನು ಬಾಳೆಲೆ ಮೇಲಿಟ್ಟು ದೇವರ ಫೋಟೊ ಮುಂದಿಟ್ಟರು, ಎರಡನೆಯದನ್ನು ಸಂಜೆಯ ಶಿಫ್ಟ್ ಬಿಟ್ಟು ಅವತ್ತು ಬೆಳಗ್ಗೆಯೇ ಬಂದಿದ್ದ ಆಂಟಿಗೆ ಕೊಟ್ಟರು.

ಕಾರ್ಡ್ ಬಂದಿದ್ದು ಅದಾಗಿ ನಾಲ್ಕು ದಿನಕ್ಕೆ. ಅದರ ಫೋಟೊ ತೆಗೆದು ಹೆಂಡತಿಗೆ ಕಳಿಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಷ್ಟು ಸೊರಗಿದ್ದೀರಿ, ಅಲ್ಲಿ ಕುಚ್ಚಲಕ್ಕಿ ಸಿಗುವುದಿಲ್ವಾ?" ಸಂಜೆ ಇಬ್ಬರೂ ಟೆಕ್ಕಾ ಮಾರ್ಕೆಟ್ ಕಡೆ ಹೋಗಿ ಐದು ಕಿಲೋ ತಂದೆವು.